ಷೇರುದಾರರ ಬಂಡವಾಳದ ಪ್ರತಿಫಲ ಏರಿತೇ, ಇಳಿಯಿತೇ? ಕಾರಣ ಹುಡುಕುವ ಕ್ರಮ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಭಾವ ಶಿರಸಿಯ ನಮ್ಮ ಮನೆಗೆ ಬಂದರು. ಚಾ ಕುಡಿದ ಮೇಲೆ ಕೈಚೀಲದಿಂದ ಒಂದು ವಾರ್ಷಿಕ ವರದಿ ತೆಗೆದು ಮೇಜಿನ ಮೇಲಿಟ್ಟರು. ಕುಮಟಾ ಕಡೆಯ ಒಂದು ಮೀನು ಶೈತ್ಯೀಕರಣ ಕಂಪನಿಯದು. ಮೀನು ತಿನ್ನದ ಭಾವನಿಗೆ ಅದರಲ್ಲಿ ಷೇರು ಹೇಗೆ ಬಂತೆಂಬುದು ಬೇರೆಯೇ ಕಥೆ. "ಹೋದ ವರ್ಷ ಷೇರುದಾರರ ಬಂಡವಾಳದ ಮೇಲೆ ಶೇ. 15 ಪ್ರತಿಫಲ, ಈ ವರ್ಷ ಶೇ. 18. ಪರಿಚಯದವರೊಬ್ಬರು ತಮ್ಮ ಷೇರು ಮಾರುತ್ತಾರಂತೆ, ತೆಗೆದುಕೊಳ್ಳಲೇ?" ಎಂದು ಕೇಳಿದರು.

ಅಡಿಕೆ ಮಂಡಿ, ಐಸ್ ಕಾರ್ಖಾನೆ, ಮರದ ಮಿಲ್ಲುಗಳ ಲೆಕ್ಕ ಬರೆದೇ ತಲೆ ನರೆಸಿಕೊಂಡವನು ನಾನು. ಇಳಿದ ಅಂಕಿಗಿಂತ ಏರಿದ ಅಂಕಿಯ ಮೇಲೆಯೇ ನನಗೆ ಅನುಮಾನ ಜಾಸ್ತಿ. ಇಳಿದಾಗ ಸಭೆಯಲ್ಲಿ ಹತ್ತು ಜನ ಎದ್ದು ಕಾರಣ ಕೇಳುತ್ತಾರೆ. ಏರಿದಾಗ ಎಲ್ಲರೂ ಕ್ಷೀರ, ಬೋಂಡಾ ತಿಂದು ಮನೆಗೆ ಹೋಗುತ್ತಾರೆ. ಆದ್ದರಿಂದ ಭಾವನ ಜೊತೆ ಕುಳಿತು ಆ ವರದಿಯನ್ನು ಬಿಚ್ಚಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಅಂಕಿಗಳನ್ನೂ ಬಾಯಿಲೆಕ್ಕಕ್ಕೆ ಸಿಗುವಂತೆ ದುಂಡು ಮಾಡಿದ್ದೇನೆ.

ತೋಟದ ಪಂಪು ನೀರೆತ್ತದಿದ್ದರೆ ತಿಳಿದ ಮಿಸ್ತ್ರಿ ಮೊದಲ ಏಟಿಗೇ ಮೋಟರು ಬಿಚ್ಚುವುದಿಲ್ಲ. ಕರೆಂಟು ಮೂರೂ ಫೇಸಿನಲ್ಲಿ ಇದೆಯೇ, ಫುಟ್‌ವಾಲ್ವ್ ನೀರಿನಲ್ಲಿ ಮುಳುಗಿದೆಯೇ ಎಂದು ನೋಡಿ ಆಮೇಲೆ ಪಾನ ಹಿಡಿಯುತ್ತಾನೆ. ಇಲ್ಲಿಯೂ ಅದೇ ಸರದಿ. ಮೊದಲು ಅಂಕಿ, ನಂತರ ಬಂಡವಾಳ, ಕೊನೆಗೆ ವ್ಯಾಪಾರ. ನಮ್ಮಲ್ಲಿ ಹೆಚ್ಚಿನವರು ತಲೆಕೆಳಗಾಗಿ ಶುರು ಮಾಡುತ್ತಾರೆ: "ಈ ವರ್ಷ ಬಂಗುಡೆ ಚೆನ್ನಾಗಿ ಬಿತ್ತು, ಅದಕ್ಕೇ ಲಾಭ."

ಅಳತೆ ಸರಿಯಿದೆಯೇ?

ಷೇರುದಾರರ ಬಂಡವಾಳದ ಪ್ರತಿಫಲವೆಂದರೆ ತೆರಿಗೆ ಕಳೆದ ನಿವ್ವಳ ಲಾಭವನ್ನು ಷೇರು ಬಂಡವಾಳ ಮತ್ತು ಮೀಸಲು ನಿಧಿಗಳ ಒಟ್ಟು ಮೊತ್ತದಿಂದ ಭಾಗಿಸಿದಾಗ ಬರುವ ಶೇಕಡಾ. ಪತ್ರಿಕೆಗಳು ಇದನ್ನು ಆರ್‌ಒಇ ಎನ್ನುತ್ತವೆ. ತಕರಾರು ಶುರುವಾಗುವುದು ಕೆಳಗಿನ ಸಂಖ್ಯೆಯಲ್ಲಿ. ಅದು ಮಾರ್ಚ್ 31ರ ಬಂಡವಾಳವೋ, ವರ್ಷದ ಆರಂಭ ಮತ್ತು ಅಂತ್ಯದ ಸರಾಸರಿಯೋ?

ಭಾವನ ಕಂಪನಿಯ ಮೊದಲ ವರ್ಷದ ನಿವ್ವಳ ಲಾಭ 3 ಕೋಟಿ, ವರ್ಷಾಂತ್ಯದ ಬಂಡವಾಳ 20 ಕೋಟಿ, ಹಾಗಾಗಿ ಶೇ. 15. ಎರಡನೆಯ ವರ್ಷ ಲಾಭ 2.70 ಕೋಟಿ, ಬಂಡವಾಳ 15 ಕೋಟಿ, ಹಾಗಾಗಿ ಶೇ. 18. ಲಾಭ ಇಳಿದಿದೆ, ಪ್ರತಿಫಲ ಏರಿದೆ. ಭಾವ ಅಲ್ಲಿಯವರೆಗೆ ಲಾಭದ ಸಾಲನ್ನೇ ನೋಡಿರಲಿಲ್ಲ. ಈಗ ಸರಾಸರಿ ಹಿಡಿಯೋಣ. ಮೊದಲ ವರ್ಷದ ಆರಂಭದಲ್ಲಿ ಬಂಡವಾಳ 19 ಕೋಟಿ ಇತ್ತು, ಸರಾಸರಿ 19.50, ಪ್ರತಿಫಲ ಶೇ. 15.4. ಎರಡನೆಯ ವರ್ಷದ ಸರಾಸರಿ 17.50, ಪ್ರತಿಫಲ ಮತ್ತೆ ಶೇ. 15.4. ಮೂರು ಅಂಶಗಳ ಜಿಗಿತ ಚಾ ಆರುವುದರೊಳಗೆ ಮಾಯವಾಯಿತು.

ಸರಾಸರಿಯೇ ಪರಮಸತ್ಯವೆಂದು ನಾನು ಹೇಳುವುದಿಲ್ಲ. ಎರಡೂ ವರ್ಷಕ್ಕೆ ಒಂದೇ ಅಳತೆ ಹಿಡಿಯಿರಿ, ಮತ್ತು ಎರಡು ಅಳತೆಗಳು ಬೇರೆ ಬೇರೆ ಮಾತಾಡಿದರೆ ವರ್ಷದ ನಡುವೆ ಬಂಡವಾಳದಲ್ಲಿ ಏನೋ ದೊಡ್ಡದು ನಡೆದಿದೆ ಎಂದು ತಿಳಿಯಿರಿ, ಅಷ್ಟೆ.

ಇದಕ್ಕೆ ಕಾನೂನಿನ ಸಹಾಯವೂ ಇದೆ. 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಗೆ ಆದ ತಿದ್ದುಪಡಿಯಂತೆ, 2021ರ ಏಪ್ರಿಲ್ 1ರಿಂದ ಕಂಪನಿಗಳು ಹನ್ನೊಂದು ಅನುಪಾತಗಳನ್ನು ಟಿಪ್ಪಣಿಗಳಲ್ಲಿ ಕೊಡಬೇಕು. ಮೇಲೆ ಯಾವ ಅಂಕಿ, ಕೆಳಗೆ ಯಾವ ಅಂಕಿ ಎಂದೂ ಬರೆಯಬೇಕು. ಹಿಂದಿನ ವರ್ಷಕ್ಕಿಂತ ಶೇ. 25ಕ್ಕೂ ಹೆಚ್ಚು ಬದಲಾದ ಅನುಪಾತಕ್ಕೆ ಕಾರಣವನ್ನೂ ಕೊಡಬೇಕು. ಈ ಕೋಷ್ಟಕ ಸಾಮಾನ್ಯವಾಗಿ ವರದಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅಧ್ಯಕ್ಷರ ಭಾಷಣ ಬಿಟ್ಟು ಅದನ್ನೇ ಮೊದಲು ಓದಿ.

ಆದರೆ ಒಂದು ತಮಾಷೆ ನೋಡಿ. 15ರಿಂದ 18ಕ್ಕೆ ಏರಿದರೆ ಬದಲಾವಣೆ ಶೇ. 20 ಮಾತ್ರ. ಹಾಗಾಗಿ ನಮ್ಮ ಕಂಪನಿಗೆ ಆ ಸಾಲಿನಲ್ಲಿ ವಿವರಣೆ ಕೊಡುವ ಹೊಣೆಯೇ ಬೀಳಲಿಲ್ಲ. ಅದೇ ಕೋಷ್ಟಕದಲ್ಲಿ ಸಾಲ ಮತ್ತು ಬಂಡವಾಳದ ಅನುಪಾತ 0.70 ಇದ್ದದ್ದು 1.60 ಆಗಿತ್ತು. ಅಲ್ಲಿ ವಿವರಣೆ ಇತ್ತು, ಒಂದೇ ಸಾಲು: "ಷೇರು ಮರುಖರೀದಿಯಿಂದ ಮತ್ತು ದುಡಿಯುವ ಬಂಡವಾಳದ ಅಗತ್ಯಕ್ಕೆ ಪಡೆದ ಸಾಲದಿಂದಾಗಿ." ಪ್ರತಿಫಲದ ಸಾಲು ಬಾಯಿ ಬಿಡದಿದ್ದರೆ ಪಕ್ಕದ ಸಾಲನ್ನು ಕೇಳಬೇಕು.

ಅಳತೆಯ ಇನ್ನೆರಡು ಮೋಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಷ್ಟಗಳು ಬಂಡವಾಳವನ್ನೆಲ್ಲ ತಿಂದು ಅದು ಋಣಸಂಖ್ಯೆಗೆ ಇಳಿದಿದ್ದರೆ, 2 ಕೋಟಿ ನಷ್ಟವನ್ನು 10 ಕೋಟಿ ಋಣ ಬಂಡವಾಳದಿಂದ ಭಾಗಿಸಿದಾಗ ಶೇ. 20 ಎಂಬ ಸೊಗಸಾದ ಧನಸಂಖ್ಯೆ ಬರುತ್ತದೆ. ಕಂಪ್ಯೂಟರಿಗೆ ನಾಚಿಕೆಯಿಲ್ಲ, ಹಾಗೆಯೇ ಮುದ್ರಿಸುತ್ತದೆ. ಅಂಗಸಂಸ್ಥೆಗಳಿರುವ ಕಂಪನಿಯಲ್ಲಿ ಮೇಲೆ ಇಡೀ ಗುಂಪಿನ ಲಾಭ, ಕೆಳಗೆ ಮೂಲ ಕಂಪನಿಯ ಷೇರುದಾರರ ಬಂಡವಾಳ ಮಾತ್ರ ಇಟ್ಟರೂ ಅಂಕಿ ಉಬ್ಬುತ್ತದೆ. ಮೇಲೆ ಯಾರ ಲಾಭವೋ ಕೆಳಗೆ ಅವರದೇ ಬಂಡವಾಳ ಇರಬೇಕು.

ಮೂರು ತುಂಡು

ಅಳತೆ ಸರಿಯೆಂದ ಮೇಲೆ ಪ್ರತಿಫಲವನ್ನು ಮೂರು ತುಂಡು ಮಾಡಿ. ನೂರು ರೂಪಾಯಿ ಮಾರಾಟದಲ್ಲಿ ಎಷ್ಟು ಉಳಿಯಿತು? ಇದು ಲಾಭದ ಪ್ರಮಾಣ. ಒಂದು ರೂಪಾಯಿ ಸ್ವತ್ತು ವರ್ಷದಲ್ಲಿ ಎಷ್ಟು ರೂಪಾಯಿ ಮಾರಾಟ ತಂದಿತು? ಇದು ಸ್ವತ್ತಿನ ಸುತ್ತು. ಒಂದು ರೂಪಾಯಿ ಬಂಡವಾಳದ ಮೇಲೆ ಎಷ್ಟು ರೂಪಾಯಿಯ ಸ್ವತ್ತು ನಿಂತಿದೆ? ಇದು ಬಂಡವಾಳದ ಗುಣಕ, ಅಂದರೆ ಸಾಲದ ಭಾರ ತೋರಿಸುವ ಮುಳ್ಳು. ಮೂರನ್ನೂ ಗುಣಿಸಿದರೆ ಪ್ರತಿಫಲ ಬರುತ್ತದೆ.

ಈ ಬಿಡಿಸುವಿಕೆಗೆ ಡ್ಯುಪಾಂಟ್ ವಿಧಾನ ಎಂದು ಹೆಸರು. 1910ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ಲಾಭದ ಪ್ರಮಾಣವನ್ನೂ ಸುತ್ತನ್ನೂ ಗುಣಿಸಿ ನೋಡುವ ಪದ್ಧತಿ ತಂದರು. ಬಂಡವಾಳದ ಗುಣಕ ಅದಕ್ಕೆ ಸೇರಿದ್ದು ಆಮೇಲೆ. ಮೊದಲ ಎರಡು ಬಹುಮಟ್ಟಿಗೆ ವ್ಯಾಪಾರದ ಕೆಲಸ, ಮೂರನೆಯದು ಹಣ ಹೊಂದಿಸಿದ ರೀತಿ ಎಂಬುದನ್ನು ಈ ಇತಿಹಾಸದ ಜೊತೆಗೇ ನೆನಪಿಟ್ಟುಕೊಳ್ಳಬಹುದು.

ನಮ್ಮ ಕಂಪನಿಯ ಮಾರಾಟ ಎರಡೂ ವರ್ಷ 60 ಕೋಟಿ. ಒಟ್ಟು ಸ್ವತ್ತು ಮೊದಲು 40 ಕೋಟಿ, ಆಮೇಲೆ 45 ಕೋಟಿ. ಮೊದಲ ವರ್ಷ ಲಾಭದ ಪ್ರಮಾಣ ಶೇ. 5, ಸುತ್ತು 1.50, ಗುಣಕ 2. ಎರಡನೆಯ ವರ್ಷ ಶೇ. 4.5, 1.33 ಮತ್ತು 3.

ಈಗ ಒಂದೊಂದನ್ನೇ ಬದಲಿಸಿ ನೋಡಿ, ಒಟ್ಟಿಗೆ ಬೇಡ. ಹಳೆಯ ಲೆಕ್ಕದಲ್ಲಿ ಲಾಭದ ಪ್ರಮಾಣವನ್ನು ಮಾತ್ರ 4.5ಕ್ಕೆ ಇಳಿಸಿದರೆ ಪ್ರತಿಫಲ 15ರಿಂದ 13.5ಕ್ಕೆ ಬರುತ್ತದೆ. ಜೊತೆಗೆ ಸುತ್ತನ್ನು 1.33ಕ್ಕೆ ಇಳಿಸಿದರೆ 12. ಮೊದಲ ನೋಟಕ್ಕೆ ವ್ಯಾಪಾರದ ಆರೋಗ್ಯ ಇದು: 15 ಇದ್ದದ್ದು 12. ಕೊನೆಗೆ ಗುಣಕವನ್ನು 2ರಿಂದ 3 ಮಾಡಿದರೆ 12 ಹಾರಿ 18 ಆಗುತ್ತದೆ. ಮೊದಲ ಎರಡು ತುಂಡು ಮೂರು ಅಂಶ ಕಳೆದುಕೊಂಡವು, ಗುಣಕ ಆರು ಅಂಶ ಕೊಟ್ಟಿತು. ಬದಲಿಸುವ ಸರದಿ ಬೇರೆಯಾದರೆ ಈ ಹಂಚಿಕೆಯ ಅಂಕಿಗಳು ಸ್ವಲ್ಪ ಆಚೀಚೆಯಾಗುತ್ತವೆ. ಯಾವುದು ಮೇಲೆಳೆಯಿತು, ಯಾವುದು ಕೆಳಗೆಳೆಯಿತು ಎಂಬುದು ಮಾತ್ರ ಬದಲಾಗುವುದಿಲ್ಲ. ನಮಗೆ ಬೇಕಾದದ್ದೂ ಅಷ್ಟೇ.

ಗುಣಕ ಏರಿದ್ದರೆ

ಗುಣಕ ಏರಲು ದಾರಿ ಎರಡು: ಸಾಲ ಹೆಚ್ಚಬೇಕು, ಇಲ್ಲವೇ ಬಂಡವಾಳ ಕರಗಬೇಕು. ಇಲ್ಲಿ ಎರಡೂ ಆಗಿದ್ದವು. ಬಂಡವಾಳದ ಬದಲಾವಣೆ ತೋರಿಸುವ ಪಟ್ಟಿಯನ್ನು ತೆರೆದು, ಆರಂಭದ ಅಂಕಿಯಿಂದ ಕೊನೆಯ ಅಂಕಿಯವರೆಗೆ ಕೈಯಲ್ಲೇ ಬರೆದುಕೊಳ್ಳಿ. ಆರಂಭ 20 ಕೋಟಿ, ಲಾಭ ಸೇರಿ 22.70, ಲಾಭಾಂಶ ಹಂಚಿದ್ದು 2.70, ಷೇರು ಮರುಖರೀದಿ 5; ಉಳಿದದ್ದು 15. ದುಡಿದದ್ದನ್ನೆಲ್ಲ ಹಂಚಿ, ಮೇಲೆ ಮರುಖರೀದಿಗೂ ಹಣ ಕೊಟ್ಟಿದ್ದಾರೆ. ಅದೇ ವರ್ಷ ವ್ಯಾಪಾರಕ್ಕೆಂದು ಬ್ಯಾಂಕಿನಿಂದ 10 ಕೋಟಿ ಹೊಸ ಸಾಲವೂ ಬಂದಿದೆ.

ಮರುಖರೀದಿ ತಪ್ಪಲ್ಲ. ಕಂಪನಿ ಕಾಯ್ದೆಯ 68ನೆಯ ಕಲಂ ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲು ನಿಧಿಯ (ಲಾಭಾಂಶವಾಗಿ ಹಂಚಬಹುದಾದ ಮೀಸಲು) ಶೇ. 25ರವರೆಗೆ ಅದಕ್ಕೆ ಅವಕಾಶ ಕೊಡುತ್ತದೆ. ಆದ ಮೇಲೆ ಸಾಲ ಅವೆರಡರ ಮೊತ್ತದ ಎರಡು ಪಟ್ಟು ಮೀರಬಾರದು ಎಂಬ ಬೇಲಿಯನ್ನೂ ಹಾಕಿದೆ. ನಮ್ಮ ಕಂಪನಿ ಬೇಲಿಯ ಒಳಗೇ ಇತ್ತು. ನನ್ನ ತಕರಾರು ಬೇರೆ. ಕೈಯಲ್ಲಿ ಕೆಲಸವಿಲ್ಲದ ಹಣವಿದ್ದ ಕಂಪನಿ ಷೇರು ಮರಳಿ ಕೊಂಡರೆ ಅದು ಜಾಣತನ. ಕೊಂಡ ವರ್ಷವೇ ವ್ಯಾಪಾರಕ್ಕೆ ಸಾಲ ಎತ್ತಿದರೆ, ಅದೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ಕರಾವಳಿಯಲ್ಲಿ, ಆ ಎರಡು ತಿಂಗಳು ಬಡ್ಡಿ ಮಾತ್ರ ರಜೆಯಿಲ್ಲದೆ ದುಡಿಯುತ್ತದೆ.

ಸಾಲದ ಗುಣಕವನ್ನು ಪಕ್ಕಕ್ಕಿಟ್ಟು ನೋಡಲು ಲಾಭವನ್ನು ಒಟ್ಟು ಸ್ವತ್ತಿನಿಂದ ಭಾಗಿಸಿ: 40ಕ್ಕೆ 3, ಅಂದರೆ ಶೇ. 7.5, ಮರುವರ್ಷ 45ಕ್ಕೆ 2.70, ಅಂದರೆ ಶೇ. 6. ಬಂಡವಾಳದ ಪ್ರತಿಫಲ ಏರಿ ಸ್ವತ್ತಿನ ಪ್ರತಿಫಲ ಇಳಿದಿದೆ. ಈ ಜೋಡಿಲಕ್ಷಣ ಕಂಡರೆ ಬೇರೆಲ್ಲ ಬಿಟ್ಟು ಸಾಲದ ಟಿಪ್ಪಣಿಗೆ ಹೋಗಿ.

ಗುಣಕ ದೊಡ್ಡದಿದ್ದ ಮಾತ್ರಕ್ಕೆ ರೋಗವಲ್ಲ ಎಂಬುದನ್ನೂ ಸೇರಿಸಬೇಕು. ಬ್ಯಾಂಕು ಬದುಕುವುದೇ ಠೇವಣಿದಾರರ ಹಣದ ಮೇಲೆ. ಅಲ್ಲಿ ಗುಣಕ ಸಹಜವಾಗಿಯೇ ದೊಡ್ಡದು. ಬ್ಯಾಂಕನ್ನು ಬ್ಯಾಂಕಿನ ಪಕ್ಕದಲ್ಲಿ, ಮಂಡಿಯನ್ನು ಮಂಡಿಯ ಪಕ್ಕದಲ್ಲಿ ಇಟ್ಟು ನೋಡಿ.

ಲಾಭದ ಪ್ರಮಾಣ ಕದಲಿದ್ದರೆ

ಶೇ. 5 ಇದ್ದದ್ದು 4.5 ಆದದ್ದು ಮೀನಿನ ದರದಿಂದಲೇ? ಇದಕ್ಕೆ ಲಾಭದ ಪ್ರಮಾಣವನ್ನೇ ಮತ್ತೆ ಮೂರು ಮಾಡಬೇಕು: ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭ ಮಾರಾಟದ ಎಷ್ಟು ಪಾಲು, ಅದರಲ್ಲಿ ಬಡ್ಡಿ ಕಳೆದು ಎಷ್ಟು ಉಳಿಯಿತು, ತೆರಿಗೆ ಕಳೆದು ಎಷ್ಟು ಉಳಿಯಿತು.

ಎರಡೂ ವರ್ಷ ಬಡ್ಡಿಗೆ ಮುಂಚಿನ ಲಾಭ ಸರಿಯಾಗಿ 5 ಕೋಟಿ. ತೆರಿಗೆ ಎರಡೂ ವರ್ಷ ನಾಲ್ಕರಲ್ಲೊಂದು ಪಾಲು. ಬದಲಾದದ್ದು ಬಡ್ಡಿ ಮಾತ್ರ: 1 ಕೋಟಿ ಇದ್ದದ್ದು 1.40 ಕೋಟಿ. ಅಂದರೆ ಮೀನು ಕೊಳ್ಳುವವರು, ಕತ್ತರಿಸುವವರು, ಹೆಪ್ಪುಗಟ್ಟಿಸುವವರು ಯಾರೂ ತಪ್ಪು ಮಾಡಿಲ್ಲ. ಲಾಭ ಕಡಿಮೆಯಾದದ್ದಕ್ಕೆ ನಿರ್ದೇಶಕರ ವರದಿ ಕಚ್ಚಾಮಾಲಿನ ದರವನ್ನು ದೂರಿತ್ತು! ಕೆಲಸಗಾರರ ಬೋನಸ್ಸಿನ ಮಾತು ಬಂದಾಗ ಇಂಥ ವಾಕ್ಯಗಳು ಉಪಯೋಗಕ್ಕೆ ಬರುತ್ತವೆ ಎಂಬುದು ನನ್ನ ಹಳೆಯ ಅನುಭವ.

ಇನ್ನೊಂದು ಸಂಗತಿ. ಶೇ. 8ರ ಬಡ್ಡಿಯ 10 ಕೋಟಿ ಹೊಸ ಸಾಲ ಬಂದದ್ದು ಅಕ್ಟೋಬರಿನಲ್ಲಿ. ಆ ವರ್ಷಕ್ಕೆ ತಗಲಿದ್ದು ಆರು ತಿಂಗಳ ಬಡ್ಡಿ, 40 ಲಕ್ಷ. ಮುಂದಿನ ವರ್ಷ ಪೂರ್ತಿ 80 ಲಕ್ಷ. ವ್ಯಾಪಾರ ಹೀಗೇ ನಿಂತರೆ ತೆರಿಗೆ ಕಳೆದು ಉಳಿಯುವುದು 2.40 ಕೋಟಿ, ಅದನ್ನೆಲ್ಲ ಮತ್ತೆ ಹಂಚಿಬಿಟ್ಟರೆ 15 ಕೋಟಿ ಬಂಡವಾಳದ ಮೇಲೆ ಶೇ. 16. ಈ ವರ್ಷದ 18ರಲ್ಲಿ ಎರಡು ಅಂಶ ಅರ್ಧ ವರ್ಷದ ಬಡ್ಡಿಯ ಉಡುಗೊರೆ.

ನಿಮ್ಮ ಕಂಪನಿಯಲ್ಲಿ ಬಡ್ಡಿ ಕದಲದೆ ಮೇಲಿನ ಲಾಭವೇ ಕದಲಿದ್ದರೆ ಒಂದೇ ಬಾರಿ ಬಂದು ಹೋಗುವ ಅಂಕಿಗಳನ್ನು ಹುಡುಕಿ. ಕಾರವಾರದಿಂದ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ರಸ್ತೆ ಪಕ್ಕದಲ್ಲಿ ಜಾಗವಿದ್ದವರಿಗೆ ಪರಿಹಾರ ಬಂತು. ಅಂಥ ಹಣ ಕಂಪನಿಯೊಂದರ ಇತರೆ ಆದಾಯದಲ್ಲಿ ಕುಳಿತರೆ ಆ ವರ್ಷದ ಪ್ರತಿಫಲ ಹಬ್ಬದೂಟ. ಮರುವರ್ಷ ಗಂಜಿ ಕಂಡು ಗಾಬರಿಯಾಗಬೇಡಿ.

ಅಡಿಕೆ ವ್ಯಾಪಾರದ ಕಂಪನಿಯಾದರೆ ದಾಸ್ತಾನಿನ ಲೆಕ್ಕ ನೋಡಲೇಬೇಕು. ಮೊದಲು ಬಂದ ಮಾಲು ಮೊದಲು ಹೋಯಿತೆಂದು ಲೆಕ್ಕ ಹಿಡಿಯುವ ಪದ್ಧತಿಯಲ್ಲಿ, ದರ ಏರುವ ವರ್ಷ ಅಗ್ಗಕ್ಕೆ ಕೊಂಡ ಹಳೆಯ ಚಾಲಿ ಅಡಿಕೆಯ ಖರ್ಚಿಗೆ ಹೊಸ ದರದ ಮಾರಾಟ ಎದುರಾಗುತ್ತದೆ, ಲಾಭ ಉಬ್ಬುತ್ತದೆ. ಅದೇ ಅಟ್ಟಕ್ಕೆ ಮತ್ತೆ ಮಾಲು ತುಂಬುವಾಗ ಆ ಲಾಭವೆಲ್ಲ ದುಬಾರಿ ಅಡಿಕೆಯಾಗಿ ಒಳಗೆ ಹೋಗುತ್ತದೆ. ಕೈಗೆ ನಗದು ಬಂತೇ ಎಂದು ನಗದು ಹರಿವಿನ ಪಟ್ಟಿಯಲ್ಲಿ ನೋಡದೆ ಅಂಥ ವರ್ಷದ ಪ್ರತಿಫಲವನ್ನು ನಂಬಬೇಡಿ.

ತೆರಿಗೆ ಅಪರೂಪಕ್ಕೆ ಕಾರಣವಾಗುತ್ತದೆ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳಿಗೆ ಶೇ. 22ರ ದರ ಆಯ್ದುಕೊಳ್ಳುವ ಅವಕಾಶ ಬಂತು. ಮೇಲ್ತೆರಿಗೆ, ಸೆಸ್ ಸೇರಿ ಶೇ. 25.17. ಹಾಗೆ ಬದಲಾಯಿಸಿಕೊಂಡ ಕಂಪನಿಗಳ ಹಳೆಯ ಅಂಕಿಗಳೊಡನೆ ಹೋಲಿಸುವಾಗ ಮಾತ್ರ ಎಚ್ಚರ ಸಾಕು.

ಸುತ್ತು ನಿಧಾನವಾಗಿದ್ದರೆ

ಸ್ವತ್ತು 5 ಕೋಟಿ ಹೆಚ್ಚಿದೆ, ಮಾರಾಟ ಹೆಚ್ಚಿಲ್ಲ. ಹೊಸ ಯಂತ್ರವಾದರೆ ಒಂದು ವರ್ಷ ಕಾಯಬಹುದು. ಯಂತ್ರ ಹೂಡಿದ ವರ್ಷವೇ ಮಾಲು ಸುರಿಯುವುದಿಲ್ಲ. ಇಲ್ಲಿ ಯಂತ್ರ ಬಂದಿರಲಿಲ್ಲ. ಶೀತಲಗೃಹದಲ್ಲಿ ಬೊಂಡಾಸ (ಸ್ಕ್ವಿಡ್) ಮತ್ತಿತರ ಮಾಲು 2 ಕೋಟಿ ಹೆಚ್ಚು, ಗಿರಾಕಿಗಳಿಂದ ಬರಬೇಕಾದ ಬಾಕಿ 8 ಕೋಟಿಯಿಂದ 11 ಕೋಟಿ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ: ಮೊದಲು 49 ದಿನಕ್ಕೆ ಹಣ ಬರುತ್ತಿತ್ತು, ಈಗ 67 ದಿನ. ನನ್ನ ಕಣ್ಣಿಗೆ ಇಡೀ ವರದಿಯಲ್ಲಿ ನಿಜವಾಗಿ ಚುಚ್ಚಿದ ಅಂಕಿ ಇದು. ಸಾಲವನ್ನು ಆಡಳಿತ ಮಂಡಳಿ ತಿಳಿದೇ ಮಾಡಿದೆ. ಬಾಕಿ ನಿಲ್ಲುವುದು ಯಾರೂ ನಿರ್ಣಯ ಮಾಡದೆ ಆಗುವ ಕೆಲಸ. ಬಾಕಿಗೆ ಎಷ್ಟು ವಯಸ್ಸಾಗಿದೆ ಎಂಬ ಪಟ್ಟಿಯೂ ಟಿಪ್ಪಣಿಗಳಲ್ಲಿ ಇರುತ್ತದೆ. ಆರು ತಿಂಗಳು ದಾಟಿದ ಕಾಲಮ್ಮಿನಲ್ಲಿ ಎಷ್ಟಿದೆ ನೋಡಿ.

ಇಲ್ಲಿ ನಮ್ಮ ಜಿಲ್ಲೆಗೇ ಸೇರಿದ ಒಂದು ಬಲೆ ಇದೆ. ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಘಟ್ಟದ ಮೇಲೆ ಆಗ ಕೊಯ್ಲು ಮುಗಿದು ಅಡಿಕೆ ಪೇಟೆಗೆ ಬರುವ ಕಾಲ. ಮಂಡಿಯ ದಾಸ್ತಾನು ತುಂಬಿರುತ್ತದೆ, ಸುತ್ತು ನಿಧಾನವೆಂದು ಕಾಣುತ್ತದೆ. ಘಟ್ಟದ ಕೆಳಗೆ ಮೀನಿನ ಕಂಪನಿ ಮಳೆಗಾಲದ ನಿಷೇಧಕ್ಕೆ ಮಾಲು ಕೂಡಿಡುವ ಕೆಲಸ ಇನ್ನೂ ಪೂರ್ತಿ ಮಾಡಿರುವುದಿಲ್ಲ, ಮೇ ಕೊನೆಗೆ ಹೋಲಿಸಿದರೆ ಹಗುರವಾಗಿ ಕಾಣುತ್ತದೆ. ಒಂದೇ ದಿನದ ಫೋಟೋದಲ್ಲಿ ಒಬ್ಬ ಉಂಡು ಎದ್ದಿದ್ದಾನೆ, ಇನ್ನೊಬ್ಬ ಉಪವಾಸವಿದ್ದಾನೆ. ಒಂದೇ ಕಂಪನಿಯ ಎರಡು ಮಾರ್ಚ್‌ಗಳನ್ನು ಹೋಲಿಸಿದರೆ ಈ ಬಲೆ ಬಹುಮಟ್ಟಿಗೆ ತಪ್ಪುತ್ತದೆ; ಕೊಯ್ಲು ತಡವಾದ ವರ್ಷ ಮಾತ್ರ ತಪ್ಪುವುದಿಲ್ಲ. ತ್ರೈಮಾಸಿಕ ಅಂಕಿ ಸಿಕ್ಕರೆ ನಾಲ್ಕರ ಸರಾಸರಿ ಹಿಡಿಯಿರಿ.

ಇಳಿದಿದೆ, ಆದರೆ ಕೆಟ್ಟಿಲ್ಲ

ಪ್ರತಿಫಲ ಇಳಿದ ಕೂಡಲೇ ಷೇರು ಮಾರಲು ಓಡಬೇಡಿ. ಜಮೀನಿನ ಮರುಮೌಲ್ಯಮಾಪನ ಆಗಿದೆಯೇ? ಅಂಕೋಲಾದ ಹೆದ್ದಾರಿ ಪಕ್ಕದ ಎರಡು ಎಕರೆ ಪುಸ್ತಕದಲ್ಲಿ ಹಳೆಯ ಬೆಲೆಗೆ ಮಲಗಿದ್ದು ಈ ವರ್ಷ ಎಚ್ಚರವಾಗಿದ್ದರೆ ಮೀಸಲು ನಿಧಿ ಉಬ್ಬುತ್ತದೆ, ಲಾಭ ಅಷ್ಟೇ ಇದ್ದರೂ ಪ್ರತಿಫಲ ಕುಗ್ಗುತ್ತದೆ. ಕಂಪನಿ ಕಾಯ್ದೆಯ ನಿವ್ವಳ ಮೌಲ್ಯದ ವ್ಯಾಖ್ಯೆ ಮರುಮೌಲ್ಯಮಾಪನದ ಮೀಸಲನ್ನು ಹೊರಗಿಡುತ್ತದೆ. ನೀವೂ ಹೊರಗಿಟ್ಟು ಮತ್ತೊಮ್ಮೆ ಭಾಗಿಸಿ. ಫೆಬ್ರುವರಿಯಲ್ಲಿ ಹೊಸ ಷೇರು ನೀಡಿ ಬಂದ ಹಣ ಮಾರ್ಚ್ ಕೊನೆಗೆ ಬ್ಯಾಂಕಿನಲ್ಲಿ ಕುಳಿತಿದ್ದರೂ ಹೀಗೆಯೇ ಆಗುತ್ತದೆ. ಸಾಲ ತೀರಿಸಿ ಗುಣಕ ಇಳಿದಿದ್ದರೆ ಅದಂತೂ ಸಂತೋಷದ ಇಳಿತ.

ಮನೆಮಂದಿಯ ಕಂಪನಿ

ನಮ್ಮ ಕಡೆಯ ಪ್ರೈವೇಟ್ ಲಿಮಿಟೆಡ್‌ಗಳಲ್ಲಿ ಬಹಳಷ್ಟು ಅಣ್ಣತಮ್ಮಂದಿರವು. ಅಲ್ಲಿ ಮೇಲಿನ ಪರೀಕ್ಷೆಗಳಿಗೆ ಮೊದಲೇ ಎರಡು ಸಾಲು ನೋಡಬೇಕು. ಒಂದು, ನಿರ್ದೇಶಕರ ಸಂಬಳ. ಅಣ್ಣ ವರ್ಷಕ್ಕೆ 30 ಲಕ್ಷ ಸಂಬಳ ತೆಗೆಯುತ್ತಿದ್ದವರು ಈ ವರ್ಷ 10 ಲಕ್ಷ ತೆಗೆದರೆ ತೆರಿಗೆಗೆ ಮುಂಚಿನ ಲಾಭ 20 ಲಕ್ಷ ಹೆಚ್ಚಾಗುತ್ತದೆ. ವ್ಯಾಪಾರ ಒಂದಿಂಚೂ ಅಲುಗಿಲ್ಲ. ಬ್ಯಾಂಕಿಗೆ ಲೆಕ್ಕ ತೋರಿಸುವ ವರ್ಷ ಸಂಬಳ ಇಳಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇನ್ನೊಂದು, ನಿರ್ದೇಶಕರು ಬಡ್ಡಿಯಿಲ್ಲದೆ ಇಟ್ಟ ಸಾಲ. ಹತ್ತು ವರ್ಷದಿಂದ ಯಾರೂ ವಾಪಸು ಕೇಳದ ಆ ಹಣ ಹೆಸರಿಗೆ ಸಾಲ, ಗುಣದಲ್ಲಿ ಬಂಡವಾಳ. ಅದನ್ನು ಕೆಳಗಿನ ಸಂಖ್ಯೆಗೆ ಸೇರಿಸಿದರೆ ಶೇ. 30ರ ಬೀಗುವಿಕೆ ಶೇ. 12ಕ್ಕೆ ಇಳಿದದ್ದೂ ಉಂಟು.

ಸಹಕಾರಿ ಸಂಘದ ಲೆಕ್ಕಕ್ಕೆ ಇದನ್ನೆಲ್ಲ ಹಾಗೆಯೇ ಅಂಟಿಸಬೇಡಿ. ಸಂಘ ಸದಸ್ಯನಿಗೆ ಮಾಲಿನ ದರದಲ್ಲಿ, ಗೊಬ್ಬರದ ರಿಯಾಯಿತಿಯಲ್ಲಿ ಕೊಟ್ಟದ್ದು ಲಾಭದ ಸಾಲಿಗೆ ಬರುವುದೇ ಇಲ್ಲ.

ಭಾವನಿಗೆ ಒಂದು ಪತ್ರ ಬರೆದುಕೊಟ್ಟೆ, ಮೂರೇ ಪ್ರಶ್ನೆ. ಬಾಕಿ 67 ದಿನಕ್ಕೆ ಏರಿದ್ದು ಎಷ್ಟು ಗಿರಾಕಿಗಳಿಂದ? ಶೀತಲಗೃಹದ ಹೆಚ್ಚುವರಿ ಮಾಲಿಗೆ ಆದೇಶವಿದೆಯೇ? ಹೊಸ ಸಾಲದ ಅಸಲಿನ ಕಂತು ಯಾವಾಗ ಶುರು? ಮಹಾಸಭೆಯಲ್ಲಿ ಉತ್ತರ ಸಿಕ್ಕಿತು, ಅದೂ ಮರ್ಯಾದೆಯಿಂದ. ಹೊಸ ಖರೀದಿದಾರನೊಬ್ಬನಿಗೆ 90 ದಿನಗಳ ವಾಯಿದೆ ಕೊಟ್ಟಿದ್ದರು. ಹೆಚ್ಚಿದ ಬಾಕಿಯಲ್ಲಿ ಬಹುಪಾಲು ಅವನೊಬ್ಬನದೇ. ಮಾಲಿಗೆ ಅರ್ಧದಷ್ಟು ಆದೇಶವಿತ್ತು. ಕಂತು ಜೂನ್‌ನಿಂದ.

ಜೂನ್ ಎಂದಾಗ ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರಂತೆ. ಭಾವ ಹೊಸ ಷೇರು ಕೊಳ್ಳಲಿಲ್ಲ, ಇದ್ದದ್ದನ್ನು ಮಾರಲೂ ಇಲ್ಲ. ಮುಂದಿನ ವರದಿ ಬಂದಾಗ ತೆರೆಯಬೇಕಾದ ಪುಟಕ್ಕೆ ಗುರುತಾಗಿ ಹಳೆಯ ವರದಿಯಲ್ಲಿ ಬಾಕಿಯ ಟಿಪ್ಪಣಿಯ ಪುಟವನ್ನು ಮಡಿಸಿಟ್ಟು, 11 ಕೋಟಿಯ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡು ಹೋದರು.